ಹೂಂಗುಟ್ಟುವವರು

ಟಿ. ದಾಸರಹಳ್ಳಿ
24 ನವೆಂಬರ್ 2020

ಮಾನ್ಯ ಕಲಾವತಿ ಮೇಡಂ ಅವರಿಗೆ,

ಮೊದಲ ವರ್ಷದ ಬಿ.ಕಾಂ., ಬಿ ಸೆಕ್ಷನ್ನಿನ ರುಮಾನಾ ಮಾಡುವ ನಮಸ್ಕಾರಗಳು. ನಮ್ಮ ಮನೆಯಲ್ಲಿ ಯಾರಿಗೂ ಕೆಮ್ಮಿಲ್ಲ, ಜ್ವರವಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಇರಲಿ. ಈ ವರ್ಷ ಇದಕ್ಕಿಂತ ದೊಡ್ಡ ಹಾರೈಕೆ ನನಗೆ ತೋಚುವುದಿಲ್ಲ.

ಕಳೆದ ಗುರುವಾರ ಕನ್ನಡ ಕ್ಲಾಸಿನಲ್ಲಿ ನಿಮಗೆ ಕೋಪ ಬಂತು. "ಅರವತ್ನಾಲ್ಕು ಜನ ಇದ್ದೀರಿ. ಒಂದು ಮುಖ ಕಾಣಲ್ಲ, ಒಬ್ಬಳದು ಬಿಟ್ರೆ ಇನ್ನೊಂದು ದನಿ ಕೇಳಲ್ಲ. ನಾನೇನು ಗೋಡೆಗೆ ಪಾಠ ಮಾಡ್ಲಾ?" ಅಂದಿರಿ. ಆಮೇಲೆ ಮನೆ ವಿಳಾಸ ಕೊಟ್ಟು, "ನೀವು ಕೂತ್ಕೊಂಡು ಪಾಠ ಕೇಳೋ ಜಾಗದಿಂದ ಏನೇನ್ ಕಾಣುತ್ತೆ, ಕೈಯಲ್ಲಿ ಬರೆದು ಪೋಸ್ಟ್ ಮಾಡಿ. ಹತ್ತು ಮಾರ್ಕ್ಸ್" ಅಂದಿರಿ. ಅದಕ್ಕೇ ಈ ಕಾಗದ. ಇನ್‌ಲ್ಯಾಂಡ್ ಲೆಟರ್ ಈಗಲೂ ಸಿಗುತ್ತದೆಂದು ನನಗೆ ಗೊತ್ತಿರಲಿಲ್ಲ. ಪೋಸ್ಟಾಫೀಸಿನವರು ಕಪಾಟಿನ ತಳದಿಂದ ಹುಡುಕಿ ಕೊಟ್ಟರು.

ನಾನು ಪಾಠ ಕೇಳುವುದು ಅಡುಗೆಮನೆಯ ಬಾಗಿಲಲ್ಲಿ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಬರುವುದು ಅಲ್ಲೊಂದೇ ಕಡೆ. ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ಮಣೆ ಹಾಕಿಕೊಂಡು ಕೂರುತ್ತೇನೆ. ಕಿಟಕಿಯಾಚೆ ಎದುರು ಮನೆಯ ನೀರಿನ ಟ್ಯಾಂಕು. ಅದು ತುಂಬಿ ಹರಿಯತೊಡಗಿದರೆ ಅರ್ಧ ಕ್ಲಾಸು ಮುಗಿಯಿತು ಎಂದು ಲೆಕ್ಕ. ಅಬ್ಬಾ ಪೀಣ್ಯದಲ್ಲಿ ಲೇತ್ ಮೆಷಿನ್ ಓಡಿಸುತ್ತಾರೆ, ಅಷ್ಟು ಹೊತ್ತಿಗೆ ಹೋಗಿರುತ್ತಾರೆ. ನೀವು ಗಾದೆ ವಿಸ್ತರಿಸುವಾಗ ಒಲೆಯ ಮೇಲೆ ಬೇಳೆ ಬೇಯುತ್ತಿರುತ್ತದೆ. ಎರಡರಲ್ಲಿ ಒಂದೂ ಇದುವರೆಗೆ ಸೀದಿಲ್ಲ. ಕೂತಲ್ಲಿಂದ ಇನ್ನೊಂದು ಕೋಣೆಯ ಬಾಗಿಲೂ ಕಾಣುತ್ತದೆ. ಅದು ಹೆಚ್ಚಾಗಿ ಮುಚ್ಚಿರುತ್ತದೆ.

ಇನ್ನೊಂದು ಮಾತು. ಪಾಠದ ನಡುವೆ ನೀವು ನಿಲ್ಲಿಸಿ "ಇದ್ದೀರೇನ್ರೋ?" ಅನ್ನುತ್ತೀರಿ. ಯಾರೂ ಏನೂ ಅನ್ನುವುದಿಲ್ಲ. ನನಗೆ ಸಂಕಟವಾಗುತ್ತದೆ. ಮನೆಗೆ ಬಂದವರು ಮಾತಾಡುತ್ತಿದ್ದರೆ ಯಾರಾದರೊಬ್ಬರು ಹೂಂ ಅನ್ನಬೇಕಲ್ಲವೇ? ಫೋನಿನಲ್ಲಿ ಬಂದರೂ ನೀವು ಬಂದಿರುವುದು ನಮ್ಮ ಮನೆಗೇ. ಅದಕ್ಕೇ ಎರಡು ವಾರದಿಂದ ಮೈಕ್ ಒತ್ತಿ "ಇದ್ದೀನಿ ಮೇಡಂ" ಅನ್ನುತ್ತಿರುವುದು. ತಪ್ಪಾಗಿದ್ದರೆ ಕ್ಷಮಿಸಿ.

ನಿಮ್ಮ ವಿದ್ಯಾರ್ಥಿನಿ,
ರುಮಾನಾ


ಅಬ್ಬಿಗೆರೆ
1 ಡಿಸೆಂಬರ್ 2020

ಪ್ರೀತಿಯ ರುಮಾನಾ,

ಅರವತ್ತನಾಲ್ಕು ಜನರಲ್ಲಿ ಕಾಗದ ಬಂದದ್ದು ಒಂದೇ ಒಂದು, ನಿನ್ನದು. ಹನ್ನೊಂದು ಜನ ಬರೆದು, ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರು. ಅದರಲ್ಲಿ ಏಳು ಜನರ ಕಿಟಕಿಯಲ್ಲಿ ಒಂದೇ ತೆಂಗಿನಮರ, ಅದರ ಮೇಲೆ ಒಂದೇ ಗುಬ್ಬಿ. ಯಲಹಂಕದಿಂದ ಯಶವಂತಪುರದವರೆಗೆ ಏಳು ಕಿಟಕಿಗೂ ಹಾರಿದ ಆ ಗುಬ್ಬಿಗೆ ಬೇಕಾದರೆ ಹತ್ತು ಅಂಕ ಕೊಡಬಹುದು, ಇವರಿಗಲ್ಲ. ಒಬ್ಬ ಮಹಾನುಭಾವ, "ಮ್ಯಾಮ್, ಸ್ಟಾಂಪ್ ಆನ್‌ಲೈನಲ್ಲಿ ಸಿಗುತ್ತಾ?" ಅಂದ. ಉಳಿದವರದು ಯಥಾಪ್ರಕಾರ ಮೌನವ್ರತ.

ಇಪ್ಪತ್ತಾರು ವರ್ಷದಿಂದ ಪಾಠ ಮಾಡುತ್ತಿದ್ದೇನೆ ಕಣಮ್ಮ. ಹುಡುಗರು ಗಲಾಟೆ ಮಾಡಿದರೆ ಬೈಯಬಹುದು, ತೂಕಡಿಸಿದರೆ ಸೀಮೆಸುಣ್ಣ ಎಸೆಯಬಹುದು. ಫೋನಿನಲ್ಲಿ ಮುಖದ ಬದಲು ಕಾಣುವ ಈ ಬಣ್ಣದ ಬಟ್ಟುಗಳನ್ನು ಏನು ಮಾಡಲಿ? ಒಂದರೊಳಗೆ ಆರ್, ಒಂದರೊಳಗೆ ಎಸ್. ನಾನು ನಕ್ಕರೂ ಹಾಗೇ ಇರುತ್ತವೆ, ಬೈದರೂ ಹಾಗೇ ಇರುತ್ತವೆ. ನಮ್ಮತ್ತೆ ಮುನಿನಾರಾಯಣಮ್ಮನವರಿಗೆ ಎಂಬತ್ತಾರು ವರ್ಷ. ನಾನು ಪಾಠ ಮಾಡುವಾಗ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿರುತ್ತಾರೆ. ಕ್ಲಾಸು ಶುರುವಾದ ಹೊಸದರಲ್ಲಿ ಒಂದು ದಿನ, "ಅಲ್ಲ ಕಣೇ, ಊಂ ಅನ್ನೋರೇ ಇಲ್ದೆ ಯಾರಿಗ್ ಏಳ್ತಾ ಇದ್ದೀಯೆ?" ಅಂದರು. ಅವರು ಮಕ್ಕಳಿಗೆ ಕಥೆ ಹೇಳುತ್ತಿದ್ದ ಕಾಲದಲ್ಲಿ ಹೂಂಗುಟ್ಟುವವರು ಒಬ್ಬರು ಬೇಕೇ ಬೇಕಿತ್ತು. ಹೂಂ ನಿಂತರೆ ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು.

ಅದರ ಮರುವಾರ ನೀನು "ಇದ್ದೀನಿ ಮೇಡಂ" ಅಂದೆ. ಅತ್ತೆ ಕಾಯಿ ಸುಲಿಯುವುದು ಬಿಟ್ಟು, "ಅಗಾ, ಒಬ್ಳು ಅವ್ಳೆ!" ಅಂದರು.

ಹತ್ತಕ್ಕೆ ಹತ್ತು ಕೊಟ್ಟಿದ್ದೇನೆ. ನನ್ನ ಕ್ಲಾಸಿನ ಅತ್ಯುತ್ತಮ ವಿದ್ಯಾರ್ಥಿನಿ ನೀನು. ನಾಳೆ ನಿನ್ನ ಕಾಗದವನ್ನು ಎಲ್ಲರಿಗೂ ಓದಿ ಹೇಳುತ್ತೇನೆ, ಆ ಗುಬ್ಬಿಯವರಿಗೂ ಸ್ವಲ್ಪ ನಾಚಿಕೆಯಾಗಲಿ. ಒಂದೇ ಒಂದು ದಿನ ಕ್ಯಾಮೆರಾ ಹಾಕು ಮಗೂ. ನಿನ್ನ ಮುಖ ನೋಡಬೇಕೆನ್ನಿಸಿದೆ.

ನಿನ್ನ
ಕಲಾವತಿ ಮೇಡಂ


ಟಿ. ದಾಸರಹಳ್ಳಿ
9 ಡಿಸೆಂಬರ್ 2020

ಮಾನ್ಯ ಮೇಡಂ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಒಂದು ವಾರದಿಂದ ನನ್ನ ಗತಿ ಅದೇ. ಕ್ಯಾಮೆರಾ ಹಾಕು ಅಂದಿರಿ. ಹಾಕಿದರೆ ನಿಮಗೆ ಮೂವತ್ತೊಂಬತ್ತು ವರ್ಷದ ಹೆಂಗಸೊಬ್ಬಳು ಕಾಣುತ್ತಾಳೆ. ನಾನು ರುಮಾನಾ ಅಲ್ಲ. ಅವಳ ತಾಯಿ, ಫರೀದಾ ಬಾನು.

ರುಮಾನಾಗೆ ಕಣ್ಣುನೋವು. ಮೊಬೈಲು ನೋಡಬಾರದೆಂದು ಡಾಕ್ಟರು ಹೇಳಿದ್ದಾರೆ. ಅಷ್ಟರಲ್ಲಿ ಕಾಲೇಜಿನಿಂದ ಮೆಸೇಜು ಬಂತು: ಮುಕ್ಕಾಲು ಪಾಲು ಹಾಜರಿ ಇಲ್ಲದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಅವಳ ಮೊಬೈಲು ತೆಗೆದುಕೊಂಡು ಹೋಗಿ ಕ್ಲಾಸಿಗೆ ಹಾಕಿಟ್ಟೆ. ಬೇರೆ ಕ್ಲಾಸುಗಳಲ್ಲಿ ಬಾಯಿ ಮುಚ್ಚಿಕೊಂಡೇ ಇದ್ದೆ. ಅಕೌಂಟ್ಸ್ ನನಗೆ ತಲೆಬುಡ ತಿಳಿಯುವುದಿಲ್ಲ. ನಿಮ್ಮ ಕ್ಲಾಸಿನಲ್ಲಿ ಮಾತ್ರ ತಡೆಯಲಾಗಲಿಲ್ಲ. ನೀವು ಪಾಪ ಅಷ್ಟು ಚೆನ್ನಾಗಿ ಹೇಳುತ್ತಿದ್ದಿರಿ, "ಇದ್ದೀರೇನ್ರೋ?" ಅಂತ ಕೇಳಿದಿರಿ, ಒಂದು ನರಪಿಳ್ಳೆಯೂ ಉಸಿರೆತ್ತಲಿಲ್ಲ. ನನ್ನ ಕೈ ತಾನೇ ತಾನಾಗಿ ಮೈಕ್ ಒತ್ತಿತು. ಮಾರನೆಯ ದಿನವೂ ಒತ್ತಿದೆ.

ನಾನು ಯಲಹಂಕದ ಸರ್ಕಾರಿ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಕನ್ನಡದಲ್ಲಿ ಇಡೀ ಶಾಲೆಗೇ ಮೊದಲು ಬಂದಿದ್ದೆ. ಮನೆಯಲ್ಲಿ ನಾವಾಡುವುದು ಉರ್ದು. ಮದುವೆಯಾದ ಮೇಲೆ ಕನ್ನಡದಲ್ಲಿ ನಾನು ಬರೆದದ್ದೆಂದರೆ ರೇಷನ್ ಕಾರ್ಡಿನ ಅರ್ಜಿ, ಗ್ಯಾಸಿನವನಿಗೆ ಬಾಗಿಲಲ್ಲಿ ಸಿಕ್ಕಿಸಿದ ಚೀಟಿ. ನಿಮ್ಮ ಕಾಗದದಲ್ಲಿ "ಅತ್ಯುತ್ತಮ ವಿದ್ಯಾರ್ಥಿನಿ" ಎಂಬುದನ್ನು ನಾಲ್ಕು ಸಲ ಓದಿದೆ. ನನಗೆ ಬರೆದದ್ದಲ್ಲ ಎಂದು ಗೊತ್ತಿದ್ದೂ ಓದಿದೆ.

ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ. ಅವಳ ಹೆಸರು ಹೊಡೆಯಬೇಡಿ. ಅಪ್ಪನ ಕಡೆ, ನನ್ನ ಕಡೆ ಎರಡೂ ಸೇರಿ ಕಾಲೇಜಿನ ಗೇಟು ದಾಟುವ ಮೊದಲ ಹೆಣ್ಣುಮಗು ಅವಳು. ದಾಟುವುದೇನು, ಅದನ್ನಿನ್ನೂ ಅವಳು ನೋಡಿಯೇ ಇಲ್ಲ.

ನಿಮ್ಮ ಕ್ಷಮೆ ಕೋರುವ,
ಫರೀದಾ ಬಾನು


ಅಬ್ಬಿಗೆರೆ
15 ಡಿಸೆಂಬರ್ 2020

ಫರೀದಾ ಅವರೇ,

ನಿಮ್ಮ ಕಾಗದ ಓದಿ ಬೆಚ್ಚಿಬಿದ್ದೆ. ನನಗೆ ಚೂರೂ ಗೊತ್ತಾಗಿರಲಿಲ್ಲ ನೋಡಿ! ಫೋನಿನಲ್ಲಿ ಎಲ್ಲರ ದನಿಯೂ ಡಬ್ಬದೊಳಗಿಂದ ಬಂದಂತೆಯೇ ಕೇಳುತ್ತದೆ.

ನಿಯಮದ ಪ್ರಕಾರ ನಾನು ಪ್ರಾಂಶುಪಾಲರಿಗೆ ಹೇಳಬೇಕು. ಹೇಳುವುದಿಲ್ಲ. ಜನವರಿಯಲ್ಲಿ ಕಾಲೇಜು ತೆರೆಯಬಹುದೆಂಬ ಮಾತಿದೆ, ಅಲ್ಲಿಯವರೆಗೆ ಹೀಗೇ ನಡೆಯಲಿ. ರುಮಾನಾಳ ಕಣ್ಣು ವಾಸಿಯಾಗಲಿ. ಅವಳನ್ನು ಒತ್ತಾಯ ಮಾಡಬೇಡಿ.

ಈಗ ನಿಜ ಹೇಳುತ್ತೇನೆ. ಬೆಳಿಗ್ಗೆ ಹತ್ತಾದರೆ ನಾನೀಗ ಸೀರೆ ಬದಲಾಯಿಸಿ ಕೂರುತ್ತೇನೆ. ನವೆಂಬರಿನಲ್ಲಿ ಮನೆಯ ಸೀರೆಯಲ್ಲೇ, ತಲೆಯನ್ನೂ ಬಾಚದೆ ಪಾಠ ಮಾಡುತ್ತಿದ್ದೆ. ಯಾರು ನೋಡುತ್ತಾರೆ, ಯಾರು ಕೇಳುತ್ತಾರೆ ಎಂಬ ಉದಾಸೀನ. ಮೊನ್ನೆ "ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಗೆ ನೀವು, "ಮೇಡಂ, ಸುಮ್ನಿರೋದು ಬಲ್ಲವನಿಗೂ ಜಗಳ ಇಲ್ಲ" ಅಂದಿರಲ್ಲ, ಅದನ್ನು ಅತ್ತೆಗೆ ಇನ್ನೊಂದು ಸಲ ಹೇಳಿದೆ. "ಅವ್ಳನ್ನ ಒಂದ್ಸಲ ಕರ್ಕೊಂಡ್ ಬಾರೇ" ಅಂದರು.

ಮುಂದಿನ ಘಟಕ ಜನಪದ ಕಥೆ. ಪುಸ್ತಕದ್ದು ಒತ್ತಟ್ಟಿಗಿರಲಿ, ಅತ್ತೆಯ ಕಥೆಯೊಂದನ್ನೇ ಹೇಳುತ್ತೇನೆ. ಅಬ್ಬಿಗೆರೆ ಕೆರೆಯ ನೀರನ್ನು ದಿನಾ ಒಂದೊಂದು ಕೊಡ ಕದಿಯುವ ಕಳ್ಳ, ಅವನನ್ನು ಹಿಡಿಯಲು ಏರಿಯ ಮೇಲೆ ಹೊಂಚು ಹಾಕುವ ಮುದುಕಿ. ಉದ್ದದ ಕಥೆ, ದಿನಕ್ಕಿಷ್ಟು. ಹೂಂ ಅನ್ನುವುದನ್ನು ಮರೆಯಬೇಡಿ.

ನಿಮ್ಮ
ಕಲಾವತಿ


(ತಾರೀಖಿಲ್ಲ, ವಿಳಾಸವಿಲ್ಲ. ಲಕೋಟೆಯ ಮೇಲಿನ ಅಂಚೆ ಮುದ್ರೆ: 30 ಡಿಸೆಂಬರ್ 2020)

ಮ್ಯಾಮ್,

ನಾನು ರುಮಾನಾ. ಒರಿಜಿನಲ್ಲು.

ನಿಮ್ಮ ಲೆಟರ್ ಸಿಕ್ತು. ನನಗೆ ಬಂದಿದ್ದಲ್ಲ ಬಿಡಿ, ಅಮ್ಮಿಗೆ ಬಂದಿದ್ದು. ಪೋಸ್ಟ್‌ಮ್ಯಾನ್ ರಾಮಕೃಷ್ಣಪ್ಪ ಅಂಕಲ್ ಬಾಗಿಲಲ್ಲಿ ನಿಂತು "ಯಾರಮ್ಮಾ ಫರೀದಾ ಬಾನು ಅಂದ್ರೆ?" ಅಂತ ಕೂಗಿದ್ರು. ಅಮ್ಮಿ ಹೆಸರಿಗೆ ನಮ್ಮನೆಗೆ ಇವತ್ತಿನವರೆಗೂ ಒಂದು ಲೆಟರ್ ಬಂದಿಲ್ಲ. ಅಮ್ಮಿ ಅಂಗಡಿಗೆ ಹೋಗಿದ್ರು. ನಾನೇ ಎದ್ದು ಹೋಗಿ ಇಸ್ಕೊಂಡೆ. ಓದ್ದೆ. ಆಮೇಲೆ ಹೊಲಿಗೆ ಮೆಷಿನ್ ಡ್ರಾದಲ್ಲಿ ಇನ್ನೊಂದೂ ಸಿಕ್ತು. ಅದರ ಮೇಲೆ ನನ್ನ ಹೆಸರಿತ್ತು. ನನ್ನ ಹೆಸರಿಗೆ ಬಂದ ಲೆಟರ್ ನನಗೇ ಯಾರೂ ಕೊಟ್ಟಿರಲಿಲ್ಲ.

ನನಗೆ ಕಣ್ಣುನೋವಿಲ್ಲ. ಡಾಕ್ಟರ್ ಹತ್ರ ಯಾರೂ ಹೋಗಿಲ್ಲ.

ಫಸ್ಟ್ ವೀಕು ನಾನೂ ಕೂತಿದ್ದೆ ಮ್ಯಾಮ್. ಹೊಸ ದುಪಟ್ಟಾ ಇಸ್ತ್ರಿ ಮಾಡ್ಕೊಂಡು, ಕಾಡಿಗೆ ಹಚ್ಕೊಂಡು, ಅಡುಗೆಮನೆ ಬಾಗಿಲಲ್ಲೇ. ಬೇರೆ ಸಬ್ಜೆಕ್ಟ್ ಸರ್ ಒಬ್ರು ನನ್ನ ಕೇಳಿದ್ರು. ಆನ್ಸರ್ ಗೊತ್ತಿತ್ತು. ಮೈಕ್ ಆನ್ ಮಾಡಿದ ತಕ್ಷಣ ಹಿಂದೆ ಕುಕ್ಕರ್ ಕೂಗ್ತು. ಯಾರೋ "ಮಗಾ, ಮೂರನೇ ವಿಷಲ್ಲು, ಆಫ್ ಮಾಡ್ರಪ್ಪಾ" ಅಂದ. ಎಲ್ಲಾ ನಕ್ರು. ಆಗ ಮಾತ್ರ ಎಲ್ರ ಮೈಕೂ ಆನ್ ಇತ್ತು. ಕಾಲೇಜಲ್ಲಾಗಿದ್ರೆ ಪಕ್ಕದಲ್ಲಿ ಕೂತಿರೋಳು "ಬಿಡೇ, ಅವನಿಗೇನು" ಅಂತಿದ್ಲೇನೋ. ಇಲ್ಲಿ ಪಕ್ಕದಲ್ಲಿ ಯಾರೂ ಇಲ್ಲ. ಅವತ್ತಿಂದ ನಾನು ಮೈಕ್ ಮುಟ್ಟಿಲ್ಲ. ಆಮೇಲಾಮೇಲೆ ಮೊಬೈಲ್ ಮಗುಚಿಟ್ಟು ಮಲಗ್ತಿದ್ದೆ. ಯಾರೂ ಕೇಳ್ಲಿಲ್ಲ. ನಾನಿಲ್ಲ ಅಂತ ಯಾರಿಗೂ ಗೊತ್ತಾಗ್ಲಿಲ್ಲ.

ನೀವು ಕೇಳಿದ್ರಲ್ಲ, ಕೂತಿರೋ ಜಾಗದಿಂದ ಏನ್ ಕಾಣುತ್ತೆ ಅಂತ. ನಾನು ಮಲಗಿರೋ ಜಾಗದಿಂದ ಗೋಡೆ ಕಾಣುತ್ತೆ. ಅಬ್ಬಾ ವರ್ಷಕ್ಕೊಂದ್ಸಲ ನನ್ನ ನಿಲ್ಲಿಸಿ ಎತ್ತರ ಅಳೆದು ಪೆನ್ಸಿಲ್ ಗೆರೆ ಹಾಕ್ತಿದ್ರು. ಅದು ಒಂಬತ್ತನೇ ಕ್ಲಾಸಿಗೆ ನಿಂತಿದೆ. ಮೊಳೆಗೆ ನನ್ನ ಕಾಲೇಜ್ ಐಡಿ ಕಾರ್ಡ್ ನೇತಾಕಿದೀನಿ. ಕಾರ್ಡ್ ಇದೆ, ಕಾಲೇಜಿನ ಗೇಟ್ ಯಾವ ಬಣ್ಣ ಅಂತ ಗೊತ್ತಿಲ್ಲ. ಬಾಗಿಲು ಮುಚ್ಚಿದ್ರೂ ಹತ್ತು ಗಂಟೆಗೆ ಅಮ್ಮಿ ದನಿ ಕೇಳುತ್ತೆ. ನೀವು "ರುಮಾನಾ" ಅಂತೀರ. ಅಮ್ಮಿ "ಇದ್ದೀನಿ ಮೇಡಂ" ಅಂತಾರೆ. ನಾನು ಇಲ್ಲಿ ಮಲಗಿರ್ತೀನಿ.

ಅಮ್ಮಿ ಕ್ಲಾಸಿಗೆ ಮುಂಚೆ ತಲೆ ಬಾಚ್ಕೋತಾರೆ, ಗೊತ್ತಾ? ಕ್ಯಾಮೆರಾ ಆಫ್ ಇದ್ರೂ. ಅವರು ಅಷ್ಟು ಖುಷಿಯಾಗಿರೋದನ್ನ ನಾನು ನೋಡೇ ಇಲ್ಲ. ಅಮ್ಮಿಗೆ ನಾನಿಲ್ದೇ ಇದ್ರೇನೇ ಆರಾಮು. ನಿಮಗೂ ಅಷ್ಟೇ. "ಒತ್ತಾಯ ಮಾಡಬೇಡಿ" ಅಂತ ಬರ್ದಿದ್ದೀರಲ್ಲ. ಅತ್ಯುತ್ತಮ ರುಮಾನಾ ಆಗ್ಲೇ ಇದ್ದಾಳೆ, ಇನ್ನೊಬ್ಳು ಯಾಕೆ? ಅವರೇ ಪಾಸಾಗ್ಲಿ. ನಾನು ಬರಲ್ಲ.

ರುಮಾನಾ


ಅಬ್ಬಿಗೆರೆ
6 ಜನವರಿ 2021

ರುಮಾನಾ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಎರಡು ದಿನವೂ ನನಗೆ ಊಟ ಸೇರಲಿಲ್ಲ.

ನಿಮ್ಮಮ್ಮ ನನಗೆ ಒಂದು ಸುಳ್ಳು ಹೇಳಿದರು, ಕಣ್ಣುನೋವು ಅಂತ. ನಾನು ಅವರಿಗೆ ಅದಕ್ಕಿಂತ ದೊಡ್ಡದನ್ನು ಹೇಳಿದೆ. ನನಗೆ ಗೊತ್ತಿತ್ತು. ಮೊದಲನೇ ಕಾಗದ ಕೈಗೆ ಬಂದ ದಿನವೇ ಗೊತ್ತಾಯಿತು. ಹದಿನೆಂಟರ ಹುಡುಗಿ ಯಾರೂ ಇನ್‌ಲ್ಯಾಂಡ್ ಲೆಟರನ್ನು ಅಷ್ಟು ನೀಟಾಗಿ ಮಡಚಿ, ಅನ್ನದ ಅಗುಳಿನಿಂದ ಅಂಟಿಸುವುದಿಲ್ಲ. ಬೇಳೆ ಸೀಯಲಿಲ್ಲ ಎಂದು ಹೆಮ್ಮೆ ಪಡುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ನಾನೂ ಕುಡಿದೆ. ಯಾಕೆ ಅಂದರೆ, ಅರವತ್ತನಾಲ್ಕು ಬಟ್ಟುಗಳ ನಡುವೆ ಒಂದು ಜೀವಂತ ದನಿ ಸಿಕ್ಕಿತ್ತು. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಮುಚ್ಚಿದ ಬಾಗಿಲಿನ ಬಗ್ಗೆ ಆ ಕಾಗದದಲ್ಲೇ ಬರೆದಿತ್ತು. ಅದರ ಹಿಂದೆ ಯಾರಿದ್ದಾರೆ ಎಂದು ನಾನು ಒಂದು ಸಾಲೂ ಕೇಳಲಿಲ್ಲ. ತಪ್ಪು ನನ್ನದು. ನಿನ್ನ ಹೆಸರು ಕೂಗಿ, ಬೇರೆಯವರ ಓಗೊಡುವಿಕೆಗೆ ಹಾಜರಿ ಹಾಕಿದೆ. ಮೇಷ್ಟ್ರಾದವಳು ಮಾಡುವ ಕೆಲಸವಲ್ಲ ಅದು.

ಈಗ ಲೆಕ್ಕ ಸರಿಮಾಡುತ್ತೇನೆ. ಆ ಹತ್ತಕ್ಕೆ ಹತ್ತನ್ನು ಹೊಡೆದುಹಾಕಿದ್ದೇನೆ. ನನ್ನ ಕ್ಲಾಸಿನಲ್ಲಿ ನಿಮ್ಮಮ್ಮ ಹೂಂ ಅಂದ ದಿನಗಳ ನಿನ್ನ ಹಾಜರಿಯನ್ನೂ ಹೊಡೆದಿದ್ದೇನೆ. ಬೇರೆ ಕ್ಲಾಸುಗಳದ್ದು ಹೊಡೆಯುವುದು ನನ್ನ ಕೈಯಲ್ಲಿಲ್ಲ, ಅದನ್ನು ನೀನೇ ಆ ಮೇಷ್ಟ್ರುಗಳಿಗೆ ಹೇಳು. ಕೋಪ ಬಂದರೆ ಬರಲಿ. ಕಾಲೇಜು ಹದಿನೈದನೇ ತಾರೀಖು ಶುಕ್ರವಾರ ತೆರೆಯುತ್ತದೆ. ಅವತ್ತಿನಿಂದ ಪರೀಕ್ಷೆಯವರೆಗೆ ಒಂದು ದಿನವೂ ತಪ್ಪದೆ ಬಂದರೆ ಮುಕ್ಕಾಲು ಪಾಲು ಆಗುತ್ತದೆ. ಒಂದು ದಿನ ತಪ್ಪಿದರೂ ನನ್ನ ಪೇಪರಿಗೆ ಕೂರಿಸಲು ನನ್ನಿಂದಾಗುವುದಿಲ್ಲ. ಮನೆಯವರ ಒಪ್ಪಿಗೆ ಪತ್ರ ಇಲ್ಲದೆ ಒಳಗೆ ಬಿಡುವುದಿಲ್ಲ, ಮರೆಯದೆ ತಾ.

ಇನ್ನು ನಿನ್ನ ಅಸೈನ್‌ಮೆಂಟು. ಕೂತ ಜಾಗದಿಂದ ಏನು ಕಾಣುತ್ತದೆ ಬರೆಯಿರಿ ಅಂದಿದ್ದೆ. ನೀನು ಮಲಗಿದ ಜಾಗದಿಂದ ಬರೆದಿದ್ದೀಯ, ಪರವಾಗಿಲ್ಲ. ತಡವಾಗಿ ಬಂದರೂ ಸ್ವೀಕರಿಸಿದ್ದೇನೆ. ಹತ್ತಕ್ಕೆ ಏಳು. ತಾರೀಖು ಹಾಕಿಲ್ಲ, ಒಂದು ಅಂಕ ಕಡಿತ. ವಿಳಾಸ ಬರೆದಿಲ್ಲ, ಇನ್ನೊಂದು. ಒಂದು ವಾಕ್ಯ ಶುದ್ಧ ಸುಳ್ಳು, ಅದಕ್ಕೆ ಮೂರನೆಯದು. ಯಾವ ವಾಕ್ಯ ಎಂದು ನಿನಗೇ ಗೊತ್ತು. ಒಪ್ಪಿಗೆಯಿಲ್ಲದಿದ್ದರೆ ಬಂದು ಜಗಳ ಆಡು. ಫೋನಿನಲ್ಲಿ ಬೇಡ, ಎದುರಿಗೆ.

ಗೇಟಿನ ಬಣ್ಣ ನಾನು ಹೇಳುವುದಿಲ್ಲ.

ಕಳ್ಳ ಮತ್ತು ಮುದುಕಿಯ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದೇನೆ. ಮುದುಕಿ ಕತ್ತಲಲ್ಲಿ ಕಳ್ಳನ ಕೈ ಹಿಡಿದಿದ್ದಾಳೆ, ದೀಪ ಎತ್ತಬೇಕು. ಹೋದ ವಾರದಿಂದ ನಿಮ್ಮಮ್ಮ ಕ್ಲಾಸಿಗೆ ಬರುತ್ತಿಲ್ಲ. ಹೂಂ ಅನ್ನುವವರಿಲ್ಲದೆ ಮುಂದಕ್ಕೆ ಹೇಳಲಾರೆ.

ಕಲಾವತಿ


ಟಿ. ದಾಸರಹಳ್ಳಿ
11 ಜನವರಿ 2021

ಮಾನ್ಯ ಮೇಡಂ,

ನಿಮ್ಮ ಕಾಗದ ಬಂತು. ಮೇಲೆ ಅವಳ ಹೆಸರಿತ್ತು. ನಾನು ಒಡೆಯಲಿಲ್ಲ. ಅವಳ ಕೋಣೆಯ ಬಾಗಿಲ ಕೆಳಗೆ ತೂರಿಸಿ ಬಂದೆ. ಅವಳು ನಿಮಗೆ ಏನು ಬರೆದಳೋ, ನೀವು ಅವಳಿಗೆ ಏನು ಬರೆದಿರೋ ನನಗೆ ಗೊತ್ತಿಲ್ಲ.

ಕಣ್ಣುನೋವು ಸುಳ್ಳು ಮೇಡಂ. ಬೆಳೆದ ಮಗಳು ಹಗಲೆಲ್ಲ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾಳೆ ಎಂದು ಹೊರಗಿನವರಿಗೆ ಹೇಗೆ ಬರೆಯಲಿ? ಕೈ ಬರಲಿಲ್ಲ. ಹಾಜರಿ ಉಳಿಸಿದರೆ ಮಗಳನ್ನು ಉಳಿಸಿದಂತೆ ಎಂದುಕೊಂಡೆ. ಅದೊಂದೇ ನನ್ನ ಕೈಗೆ ಎಟುಕುತ್ತಿತ್ತು. ಆಮೇಲಾಮೇಲೆ ಅವಳಿಗಾಗಿ ಕೂತಿದ್ದೇನೋ ನನಗಾಗಿ ಕೂತಿದ್ದೇನೋ ನನಗೇ ಗೊತ್ತಾಗಲಿಲ್ಲ. ಅಲ್ಲಿ ಬಾಗಿಲು ಮುಚ್ಚಿತ್ತು, ಇಲ್ಲಿ ನಾನು ನಗುತ್ತಿದ್ದೆ. ನೆನೆದರೆ ನಾಚಿಕೆಯಾಗುತ್ತದೆ.

ನಾಚಿಕೆಗೆಟ್ಟು ಇನ್ನೊಂದು ಹೇಳಲೇ? ನಾನು ಹತ್ತು ಗಂಟೆಯನ್ನು ಕಾಯುತ್ತಿದ್ದೆ. ಈಗ ಹತ್ತಾದರೆ ಸಕ್ಕರೆ ಡಬ್ಬದ ಕಡೆ ನೋಡದೆ ಬಟ್ಟೆ ಒಗೆಯಲು ಹೋಗುತ್ತೇನೆ. ಮುದುಕಿ ಕೈ ಹಿಡಿದ ಆ ಕಳ್ಳ ಯಾರು ಎಂಬುದು ತಲೆಯಲ್ಲಿ ಕೊರೆಯುತ್ತಿದೆ, ಕೊರೆಯಲಿ.

ನಿಮ್ಮ ಎರಡು ಕಾಗದಗಳನ್ನೂ ನನ್ನ ಮುಂದಿಟ್ಟು ಒಳಗೆ ಹೋದವಳು ಹದಿಮೂರು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಇವರು, ರುಮಾನಾಳ ಅಬ್ಬಾ ಅನ್ವರ್, ಸಾಮಾನ್ಯವಾಗಿ ನಮ್ಮಿಬ್ಬರ ನಡುವೆ ತಲೆಹಾಕುವವರಲ್ಲ. ನಿನ್ನೆ ಅವಳ ಬಾಗಿಲ ಬಳಿ ನಿಂತು, "ಬೇಟಾ, ಶುಕ್ರವಾರ ನಾನು ಲೇಟಾಗಿ ಹೋಗ್ತೀನಿ. ಬೇಕಾದ್ರೆ ಎಂಟನೇ ಮೈಲಿ ಬಸ್ ಸ್ಟಾಪಿನವರೆಗೂ ಬಿಡ್ತೀನಿ" ಅಂದರು. ಕಾಲೇಜಿನ ಮೆಸೇಜಿನಲ್ಲಿ ಕೇಳಿದ್ದ ಒಪ್ಪಿಗೆ ಪತ್ರ ಬರೆದಿದ್ದೇನೆ. ಮೊದಲ ಸಲ ನನ್ನದೇ ಹೆಸರಿನಲ್ಲಿ: "ಫರೀದಾ ಬಾನು ಎಂಬ ನಾನು, ನನ್ನ ಮಗಳು ರುಮಾನಾಳನ್ನು ಕಾಲೇಜಿಗೆ ಕಳಿಸಲು ಮನಃಪೂರ್ವಕವಾಗಿ ಒಪ್ಪಿರುತ್ತೇನೆ." ಅದನ್ನು ಅವಳ ಐಡಿ ಕಾರ್ಡಿನ ಪಕ್ಕದ ಮೊಳೆಗೆ ಸಿಕ್ಕಿಸಿ ಬಂದಿದ್ದೇನೆ. ಅವಳು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಿದ್ದಳು.

ಅವಳು ಶುಕ್ರವಾರ ಬರದಿದ್ದರೆ, ಅವಳ ಓದು ಕೆಡಿಸಿದವಳು ನಾನೇ. ಅದನ್ನು ಯಾರೂ ನನಗೆ ಹೇಳಬೇಕಾಗಿಲ್ಲ.

ಫರೀದಾ


ಟಿ. ದಾಸರಹಳ್ಳಿ
19 ಜನವರಿ 2021

ಪ್ರೀತಿಯ ಕಲಾವತಿ ಮೇಡಂ,

ಶುಕ್ರವಾರದ ನಿಮ್ಮ ಕಡೆಯ ಸಮಾಚಾರ ನಿಮಗೆ ಗೊತ್ತು. ನಮ್ಮ ಕಡೆಯದು ನಾನು ಬರೆಯಬೇಕು.

ಬೆಳಿಗ್ಗೆ ಏಳೂವರೆವರೆಗೂ ಬಾಗಿಲು ತೆರೆಯಲಿಲ್ಲ. ನಾನು ಕೈಯಲ್ಲಿ ಹಿಟ್ಟು ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತಿದ್ದೆ. ಕರೆಯಲಿಲ್ಲ. ಮೂರು ಸಲ ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಎಂಟಕ್ಕೆ ಬಾಗಿಲು ಧಡಾರನೆ ತೆರೆಯಿತು. ಇಸ್ತ್ರಿ ಮಾಡಿದ ದುಪಟ್ಟಾ, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ನನ್ನ ಒಪ್ಪಿಗೆ ಪತ್ರ. ಮುಖ ಕೆಂಪಗಾಗಿತ್ತು.

"ಅಮ್ಮಿ, ನೀವೇ ಹೇಳಿ. ಕೋಪದಲ್ಲಿ ಲೆಟರ್ ಬರೆಯೋರು ಯಾರಾದ್ರೂ ಡೇಟ್ ಹಾಕ್ತಾರಾ? ಪೋಸ್ಟಾಫೀಸಿನ ಸೀಲಲ್ಲೇ ಇರುತ್ತಲ್ಲ ಡೇಟು! ಅದಕ್ಕೊಂದು ಮಾರ್ಕ್ ಕಟ್ ಮಾಡೋದಾ?" ಅಂದಳು.

ಹದಿನೇಳು ದಿನದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು ಮೇಡಂ. ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. "ಅನ್ಯಾಯ, ಮಹಾ ಅನ್ಯಾಯ" ಅಂದೆ. ಇವರು ಸ್ಕೂಟರ್ ಸ್ಟಾರ್ಟ್ ಮಾಡಿದರು. ಎಂಟನೇ ಮೈಲಿಯಲ್ಲಿ ಹೆಸರಘಟ್ಟದ ಬಸ್ಸು ಹತ್ತಿಸಿ ಬಂದವರು, "ಕಿಟಕಿ ಪಕ್ಕ ಸೀಟು ಸಿಕ್ತು ಅವಳಿಗೆ" ಅಂದರು. ಅಷ್ಟು ಹೇಳಿ ಮುಖ ತೊಳೆಯಲು ಹೋದರು. ಬೆಳಿಗ್ಗೆ ಒಮ್ಮೆ ತೊಳೆದಾಗಿತ್ತು.

ಸಂಜೆ ಬಂದವಳು ಬ್ಯಾಗು ಇಳಿಸುವ ಮುಂಚೆಯೇ ಶುರು ಮಾಡಿದಳು. ಗೇಟಿಗೆ ಬಣ್ಣವೇ ಇಲ್ಲವಂತೆ, ಬರೀ ತುಕ್ಕಂತೆ, "ಇದಕ್ಕಾ ಅಮ್ಮಿ ಅಷ್ಟೊಂದು ಬಿಲ್ಡಪ್ಪು!" ಕ್ಲಾಸಿಗೆ ಬಂದವರು ಇಪ್ಪತ್ತಮೂರೇ ಜನವಂತೆ. ಬಾಯಲ್ಲಿ ಮಾಸ್ಕು, ಯಾರ ದನಿ ಯಾರದೆಂದು ತಿಳಿಯದೆ ಎಲ್ಲರೂ ಪೆದ್ದುಪೆದ್ದಾಗಿ ನಗುತ್ತಿದ್ದರಂತೆ. ಕುಕ್ಕರ್ ಅಂದವನೂ ಬಂದಿದ್ದನಂತೆ. ಮೊಳಕೈ ಎತ್ತರದ ಹುಡುಗ, ಹೆಸರು ಕೂಗಿದರೆ ಅವನೇ ನಡುಗುತ್ತಾನಂತೆ. ನೀವೂ ಫೋನಿನಲ್ಲಿ ಕೇಳಿದಷ್ಟು ಎತ್ತರವಿಲ್ಲವಂತೆ, ಕ್ಷಮಿಸಿ, ಅವಳೇ ಹೇಳಿದ್ದು. ಪಕ್ಕದಲ್ಲಿ ಲುಬ್ನಾ ಎಂಬ ಹುಡುಗಿ ಕೂತಿದ್ದಳಂತೆ, ಆರ್.ಟಿ. ನಗರದವಳು. ಅವಳೂ ನವೆಂಬರಿನಿಂದ ಮೊಬೈಲು ಮಗುಚಿಟ್ಟು ಮಲಗುತ್ತಿದ್ದವಳೇ ಅಂತೆ. ಇವಳೊಬ್ಬಳೇ ಎಂದುಕೊಂಡಿದ್ದೆವಲ್ಲ ನಾವು.

ಅಂಕದ ಜಗಳದಲ್ಲಿ ತಾರೀಖಿನ ಒಂದು ಅಂಕ ಗೆದ್ದಳಂತೆ. ಈಗ ಎಂಟು. ವಿಳಾಸದ್ದು ನೀವು ಬಿಡಲಿಲ್ಲವಂತೆ. ಇನ್ನೊಂದು ಯಾವುದಕ್ಕೆ ಹೋಯಿತು ಎಂದು ಕೇಳಿದೆ. "ಅದೊಂದು ಸೆಂಟೆನ್ಸ್. ಅದಕ್ಕೆ ಮಾತ್ರ ನಾನೂ ಜಗಳ ಆಡ್ಲಿಲ್ಲ ಅಮ್ಮಿ" ಅಂದಳು. ಯಾವ ವಾಕ್ಯ ಎಂದರೆ ಹೇಳಲಿಲ್ಲ, ಬಂದು ನನ್ನ ಬೆನ್ನಿಗೆ ಒರಗಿ ಕೂತಳು. ನೀವೂ ಹೇಳಬೇಡಿ.

ಅವಳು ಪೂರ್ತಿ ಸರಿಹೋಗಿದ್ದಾಳೆ ಎಂದು ಬರೆದರೆ ನಾನು ಮತ್ತೆ ಸುಳ್ಳು ಹೇಳಿದಂತೆ. ಭಾನುವಾರ ಇಡೀ ದಿನ ಬಾಗಿಲು ಮುಚ್ಚಿಯೇ ಇತ್ತು. ಸೋಮವಾರ ಏಳಲು ತಡಮಾಡಿದಳು. ನಾನು ಬಾಗಿಲು ತಟ್ಟಿದೆ. ಈ ಸಲ ಅವಳ ಬದಲು ನಾನು ಏಳಲಿಲ್ಲ, ಅವಳೇ ಏಳುವವರೆಗೂ ತಟ್ಟಿದೆ. ಬೈದುಕೊಂಡೇ ಹೋದಳು. ಇವತ್ತೂ ಹೋಗಿದ್ದಾಳೆ. ನಾಲ್ಕು ದಿನವಾಯಿತು.

ನಿನ್ನೆ ಸಂಜೆ ನಾನು ಹೊರಗಿನಿಂದ ಬಂದರೆ ಅವಳು ಅಡುಗೆಮನೆಯ ಬಾಗಿಲಲ್ಲಿ, ನನ್ನ ಮಣೆಯ ಮೇಲೆ ಕೂತಿದ್ದಳು. ಬೆನ್ನ ಹಿಂದೆ ಕುಕ್ಕರ್ ಕೂಗುತ್ತಿತ್ತು. "ಕೂತ್ಕೊಳಿ ಅಮ್ಮಿ, ಇವತ್ತು ಮ್ಯಾಮ್ ಆ ಕಳ್ಳನ ಕಥೆ ಮುಗಿಸಿದ್ರು" ಅಂದಳು. ಚೀಲ ಕೈಯಲ್ಲೇ ಹಿಡಿದು ಎದುರಿಗೆ ಕೂತೆ. ನನಗೆ ಗೊತ್ತಿರುವ ಅರ್ಧವನ್ನೂ ಅವಳು ಬಿಡಲಿಲ್ಲ, ಮೊದಲಿನಿಂದಲೇ ಹೇಳಿದಳು. ಏರಿ, ಕೊಡ, ಕತ್ತಲು ಎಲ್ಲ. ನಿಮ್ಮ ಹಾಗೆಯೇ ಕೈ ತಿರುಗಿಸುತ್ತಾಳೆ.

"ಮುದುಕಿ ಗಬಕ್ಕಂತ ಕೈ ಹಿಡ್ಕೊಂಡ್ಲಾ... ಇನ್ನೊಂದು ಕೈಲಿ ದೀಪ ಎತ್ತಿದ್ಲಾ..." ಅಂದು ನಿಲ್ಲಿಸಿಬಿಟ್ಟಳು. ನನ್ನ ಮುಖವನ್ನೇ ನೋಡುತ್ತ ಕಾದಳು. ಅಷ್ಟು ದಿನ ನಾನು ಅವಳ ಹೆಸರಿನಲ್ಲಿ ನಿಮಗೆ ಹೇಳುತ್ತಿದ್ದುದನ್ನು ಈಗ ಅವಳಿಗೇ ಹೇಳಬೇಕಾಗಿತ್ತು.

"ಹೂಂ" ಅಂದೆ.

ಫರೀದಾ ಬಾನು